ಟ್ರಂಕಿನ ಇಂದ್ರಜಾಲ ಹೈ ಗ್ರೇಡೇ?

ಪ್ರಶ್ನೆ: ಶೇಡಬಾಳದ ಮನೆಯ ಟ್ರಂಕಿನಲ್ಲಿ ಅಪ್ಪ ಕೂಡಿಟ್ಟ ಕನ್ನಡ ಇಂದ್ರಜಾಲ ಕಾಮಿಕ್ಸ್‌ಗಳಿವೆ. ಒಂದು ಹಾಳೆಯೂ ಹರಿದಿಲ್ಲ. ಆದರೂ ಕೊಳ್ಳಲು ಬಂದವರು ‘ಹೈ ಗ್ರೇಡ್ ಅಲ್ಲ’ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಹಾಳೆ ಹರಿಯದಿದ್ದರಷ್ಟೇ ಸಾಲದು. ಸಂಗ್ರಾಹಕರು ಬಳಸುವ ಅಮೆರಿಕದ 10 ಅಂಕದ ಅಳತೆಯಲ್ಲಿ ಸಾಮಾನ್ಯವಾಗಿ 8 ಮತ್ತು ಮೇಲಿನದು ಹೈ ಗ್ರೇಡ್, 9.4 ಅಂದರೆ ಅಂಗಡಿಯಿಂದ ಈಗಷ್ಟೇ ತಂದಂತಿರಬೇಕು. ಒಂದು ಪ್ರತಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಬೆನ್ನು ನೋಡಿ. ಮಡಿಕೆಯಲ್ಲಿ ಬಣ್ಣ ಒಡೆದು ಸಣ್ಣ ಬಿಳಿ ಗೆರೆಗಳು ಎದ್ದಿದ್ದರೆ, ಪಿನ್ನಿನ ಸುತ್ತ ತುಕ್ಕಿನ ಕಂದು ಕಲೆಯಿದ್ದರೆ, ಮುಖಪುಟದ ಮೇಲೆ ಪೆನ್ನಿನಲ್ಲಿ ಹೆಸರಿದ್ದರೆ ಅಂಕ ಇಳಿಯುತ್ತದೆ. ನಡುಹಾಳೆ ಜಾರಿಹೋಗಿದ್ದರಂತೂ ಮುಗಿಯಿತು; ಪುಟ ಎಣಿಸಿಯೇ ಮಾತಾಡಿ.

1964ರಿಂದ 1990ರವರೆಗೆ ಅಗ್ಗದ ಕಾಗದದಲ್ಲಿ ಬಂದ ಇಂದ್ರಜಾಲ ಮಾಲೆಯ ಪುಸ್ತಕಗಳಿಗೆ ಅಮೆರಿಕದ ಅಳತೆ ಯಾಕೆ ಎಂದು ನೀವು ಕೇಳಬಹುದು. ಆಕ್ಷೇಪ ನ್ಯಾಯವೇ. ಆದರೆ ಅದು ಬೆಲೆಯ ವಾದ, ಗ್ರೇಡಿನದಲ್ಲ. ಕನ್ನಡ ಪ್ರತಿ ಅಪರೂಪವಾದರೆ 5 ಅಂಕದ್ದಕ್ಕೂ ಒಳ್ಳೆಯ ಬೆಲೆ ಕೇಳಿ. ಅಪರೂಪವೆಂದು 5 ಮಾತ್ರ 8 ಆಗದು.

ಟೇಪ್ ಹಚ್ಚಬೇಡಿ, ಪಿನ್ ಬದಲಿಸಬೇಡಿ, ಬಿಸಿಲಿಗೆ ಹರವಬೇಡಿ. ನಿಮ್ಮ ಕೃಷ್ಣಾ ನದಿ ಸೀಮೆಯ ಮಳೆಗಾಲದ ತೇವಕ್ಕೆ ಕಬ್ಬಿಣದ ಟ್ರಂಕು ತಕ್ಕದ್ದಲ್ಲ. ಆಮ್ಲರಹಿತ ರಟ್ಟಿನೊಂದಿಗೆ ಪಾಲಿಯೆಸ್ಟರ್ ಚೀಲಕ್ಕೆ ಹಾಕಿ, ನೆಲದಿಂದ ಎತ್ತರದಲ್ಲಿ ಇಡಿ. ಬೂಸ್ಟು ಕಂಡರೆ ಅಥವಾ ಹಾಳೆ ಅಂಟಿಕೊಂಡಿದ್ದರೆ ಬಿಡಿಸಲು ಹೋಗದೆ ಕಾಗದ ಸಂರಕ್ಷಣಾ ತಜ್ಞರಿಗೆ ತೋರಿಸಿ.