ಪೀಡ್‌ಮಾಂಟೀಸ್: ಪಟ್ಟಿಯ ಹೊರಗುಳಿದ ಭಾಷೆ

ಇಟಲಿಯ ವಾಯವ್ಯದಲ್ಲಿರುವ ಪೀಡ್‌ಮಾಂಟ್ ಪ್ರಾಂತ್ಯದ (ರಾಜಧಾನಿ: ಟ್ಯೂರಿನ್) ನುಡಿ. ಲ್ಯಾಟಿನ್ ಮೂಲದ ರೊಮಾನ್ಸ್ ಭಾಷೆಗಳ ಗ್ಯಾಲೊ-ಇಟಾಲಿಕ್ ಗುಂಪಿಗೆ ಸೇರಿದ್ದು. ಇಟಾಲಿಯನ್ನಿನ ಉಪಭಾಷೆ ಎಂದು ಬರೆದರೆ ತಪ್ಪು. ಯುನೆಸ್ಕೊ ಇದನ್ನು ‘ಖಚಿತವಾಗಿ ಅಪಾಯದಲ್ಲಿರುವ’ ದರ್ಜೆಗೆ ಸೇರಿಸಿದೆ. ಮನೆಯಲ್ಲಿ ಮಕ್ಕಳು ತಾಯ್ನುಡಿಯಾಗಿ ಕಲಿಯುವುದು ನಿಂತಾಗ ಕೊಡುವ ದರ್ಜೆಯಿದು.

ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಎಡವುವುದು ಕಾನೂನಿನ ಪ್ರಶ್ನೆಯಲ್ಲಿ. ಇಟಲಿಯ 1999ರ 482ನೇ ಕಾಯ್ದೆ 12 ಅಲ್ಪಸಂಖ್ಯಾತ ಭಾಷಾ ಸಮುದಾಯಗಳನ್ನು ಗುರುತಿಸಿತು. ಅದೇ ಪ್ರಾಂತ್ಯದ ಕಣಿವೆಗಳ ಆಕ್ಸಿಟಾನ್‌ಗೆ ಜಾಗ ಸಿಕ್ಕಿತು, ಪೀಡ್‌ಮಾಂಟೀಸ್‌ಗೆ ಸಿಗಲಿಲ್ಲ! 2009ರಲ್ಲಿ ಪ್ರಾಂತ್ಯವೇ ಕಾಯ್ದೆ ಮಾಡಿ ಆ ಮಾನ್ಯತೆ ಕೊಡಹೊರಟಿತು. 2010ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಆ ಮಾನ್ಯತೆಯನ್ನು ತಳ್ಳಿಹಾಕಿತು. ಶಾಲೆಗಳಲ್ಲಿ ಪೀಡ್‌ಮಾಂಟೀಸ್ ಕಡ್ಡಾಯ ವಿಷಯವಲ್ಲ. ಆದರೆ ವ್ಯಾಕರಣಕ್ಕೇನೂ ಕೊರತೆಯಿಲ್ಲ: ವೈದ್ಯ ಮೌರಿಜಿಯೊ ಪಿಪಿನೊ 1783ರಲ್ಲೇ ಒಂದನ್ನು ಪ್ರಕಟಿಸಿದ್ದರು.