ಶಕ್ತಿತಸ್ತಪ ಮತ್ತು ದೇಹಪ್ರಕೃತಿ

ತೀರ್ಥಂಕರ ನಾಮಕರ್ಮದ ಬಂಧಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ಶಕ್ತಿತಸ್ತಪವೂ ಒಂದು. ಬರಿಯ ತಪವನ್ನು ಹೇಳದೆ ‘ಶಕ್ತಿತಃ’ ಎಂಬ ವಿಶೇಷಣವನ್ನು ಸೇರಿಸಿರುವುದು ನಿರರ್ಥಕವಲ್ಲ. ಇದ್ದ ಶಕ್ತಿಯನ್ನು ಮರೆಮಾಚದೆಯೂ ಇಲ್ಲದ ಶಕ್ತಿಯನ್ನು ಇದೆಯೆಂದು ಭ್ರಮಿಸದೆಯೂ ತಪವನ್ನು ಆಚರಿಸಬೇಕೆಂಬುದು ಅದರ ತಾತ್ಪರ್ಯ. ಹಾಗಾದರೆ ಶ್ರಾವಕನು ತನ್ನ ಶಕ್ತಿಯನ್ನು ಅರಿಯುವುದು ಹೇಗೆ? ಮೈ ತೆಳ್ಳಗಿದೆ, ನಡೆದಾಡಲು ಆಯಾಸವಿಲ್ಲ, ಹಿಂದಿನ ಭಾದ್ರಪದದಲ್ಲಿ ಉಪವಾಸಗಳು ನಿರ್ವಿಘ್ನವಾಗಿ ನಡೆದವು ಎಂಬಿಷ್ಟೇ ಆಧಾರ ಸಾಲದು. ಭಾರತೀಯರ ವಿಷಯದಲ್ಲಿ ಇದು ವಿಶೇಷವಾಗಿ ಸತ್ಯ.

ಜನಾಂಗ ಮತ್ತು ದೇಹ

ದೇಹಗಳೆಲ್ಲವೂ ಸಮಾನವಲ್ಲವೆಂಬುದು ಜೈನಾಗಮಕ್ಕೆ ಹೊಸ ಮಾತಲ್ಲ. ಆರು ಬಗೆಯ ಸಂಹನನಗಳನ್ನು ಹೇಳಿ, ಉತ್ತಮ ಸಂಹನನವುಳ್ಳವನಿಗೇ ಉತ್ತಮ ಧ್ಯಾನವು ಸಾಧ್ಯವೆಂದು ಶಾಸ್ತ್ರವು ನಿರೂಪಿಸಿದೆ. ವೈದ್ಯರು ಹೇಳುವ ಜನಾಂಗಭೇದವು ಸಂಹನನಭೇದವಲ್ಲ. ಆದರೂ ಸಾಧನೆಗೆ ಮುನ್ನ ದೇಹವನ್ನು ಅರಿಯಬೇಕೆಂಬ ಪಾಠ ಎರಡರಲ್ಲಿಯೂ ಒಂದೇ.

ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ವೈದ್ಯ ಜಾನ್ ಯುಡ್ಕಿನ್ ಇವರು 2004ರಲ್ಲಿ ತಮ್ಮ ದೇಹಗಳನ್ನೇ ಉದಾಹರಣೆಯಾಗಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕವು ಇಬ್ಬರಿಗೂ 22.3, ಆದರೆ ದೇಹದ ಕೊಬ್ಬು ಆಂಗ್ಲರಲ್ಲಿ ಶೇಕಡಾ 9.1, ಭಾರತೀಯರಲ್ಲಿ ಶೇಕಡಾ 21.2. ತಕ್ಕಡಿಯು ಸಮಾನರೆಂದ ಇಬ್ಬರು ಒಳಗೆ ಸಮಾನರಾಗಿರಲಿಲ್ಲ. ಈ ಭೇದವು ಜನನದಿಂದಲೇ ಬರುತ್ತದೆ. 2003ರಲ್ಲಿ ಪ್ರಕಟವಾದ ಅಧ್ಯಯನದಂತೆ ಪುಣೆಯ ಪ್ರದೇಶದ ಶಿಶುಗಳ ಸರಾಸರಿ ತೂಕ 2.7 ಕಿಲೋಗ್ರಾಂ, ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳದು 3.5. ಪುಣೆಯ ಶಿಶುಗಳಲ್ಲಿ ಮಾಂಸವು ಕಡಿಮೆಯಿದ್ದರೂ ಚರ್ಮದಡಿಯ ಕೊಬ್ಬು ಅಷ್ಟಾಗಿ ಕುಂದಿರಲಿಲ್ಲ.

ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ, ಅಪಾಯವು ಹೆಚ್ಚತೊಡಗುವ ಸೂಚ್ಯಂಕವನ್ನು ಏಷ್ಯಾದವರಿಗೆ 25ರ ಬದಲು 23 ಎಂದು ಗುರುತಿಸಿದರು. ಭಾರತೀಯ ಪುರುಷರ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಸ್ತ್ರೀಯರದು 80 ಮೀರಿದರೆ ಎಚ್ಚರ ಅಗತ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿರುವರೆಂದು ಅಂದಾಜು ಮಾಡಿತು.

ಇತರ ಜನಾಂಗಗಳಿಗೂ ತಮ್ಮ ತಮ್ಮ ಭಾರಗಳುಂಟು. ಅಮೆರಿಕೆಯ ಅರಿಜೋನಾದ ಪೀಮಾ ಜನರಲ್ಲಿ ಮಧುಮೇಹವು ಅತ್ಯಧಿಕ. ಪಶ್ಚಿಮ ಆಫ್ರಿಕಾ ಮೂಲದ ಹಲವರಲ್ಲಿರುವ ಒಂದು ವಂಶಾಣುಭೇದವು ನಿದ್ರಾರೋಗದ ಕ್ರಿಮಿಯಿಂದ ರಕ್ಷಣೆ ನೀಡುತ್ತದೆ; ಆದರೆ ತಾಯಿ ತಂದೆ ಇಬ್ಬರಿಂದಲೂ ಬಂದರೆ ಮೂತ್ರಪಿಂಡದ ರೋಗಕ್ಕೆ ಕಾರಣವಾಗಬಲ್ಲದೆಂದು 2010ರಲ್ಲಿ ತಿಳಿದುಬಂತು. ಬ್ರಿಟನ್ನಿನಲ್ಲಿ ನೆಲೆಸಿದ ದಕ್ಷಿಣ ಏಷ್ಯಾ ಮೂಲದವರಲ್ಲಿ ಮೂತ್ರಪಿಂಡದ ವೈಫಲ್ಯವು ಅಲ್ಲಿಯ ಬಿಳಿಯರಿಗಿಂತ ಹೆಚ್ಚು. ಇವೆಲ್ಲ ಮೇಲುಕೀಳಿನ ಮಾತುಗಳಲ್ಲ. ವಂಶ, ಗರ್ಭಕಾಲದ ಪೋಷಣೆ, ಆಹಾರ, ಜೀವನಕ್ರಮಗಳು ಕೂಡಿದ ಫಲ.

ಮೂತ್ರಪಿಂಡದ ಸ್ಥಿತಿ

ಪ್ರತಿಯೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳಿವೆ. ಕಡಿಮೆ ತೂಕದಿಂದ ಹುಟ್ಟಿದವರಲ್ಲಿ ಇವುಗಳ ಸಂಖ್ಯೆಯೂ ಕಡಿಮೆಯಿರುವುದುಂಟು. ರಕ್ತದಲ್ಲಿ ಸಕ್ಕರೆ ಹೆಚ್ಚಿದರೆ ಅವು ಮೊದಲು ಅತಿಯಾಗಿ ದುಡಿಯುತ್ತವೆ. ಕ್ರಮೇಣ ಆಲ್ಬುಮಿನ್ ಎಂಬ ಸಸಾರಜನಕವು ಮೂತ್ರದಲ್ಲಿ ಸೋರತೊಡಗುತ್ತದೆ. ಕೊನೆಗೆ ಶೋಧಕಗಳು ಗಟ್ಟಿಗೊಂಡು ನಾಶವಾಗುತ್ತವೆ. ನಾಶವಾದವು ಮರಳಿ ಹುಟ್ಟವು. ಬಹುಕಾಲ ನೋವಾಗಲಿ ಬಾವಾಗಲಿ ಕಾಣಿಸದಿರುವುದೇ ಈ ರೋಗದ ವಂಚನೆ.

ಆರೋಗ್ಯವಂತ ಮೂತ್ರಪಿಂಡವು ನಿರ್ಜಲ ಉಪವಾಸದ ದಿನ ನೀರನ್ನು ಉಳಿಸಿಕೊಂಡು ಮೂತ್ರವನ್ನು ಸಾಂದ್ರಗೊಳಿಸುತ್ತದೆ. ರೋಗಗ್ರಸ್ತವಾದುದಕ್ಕೆ ಆ ಸಾಮರ್ಥ್ಯವಿಲ್ಲ. ಅದರೊಡನೆ ಮೂತ್ರ ಹೆಚ್ಚಿಸುವ ಮಾತ್ರೆ, ರಕ್ತದೊತ್ತಡದ ಕೆಲವು ಮಾತ್ರೆಗಳು ಸೇರಿದರೆ ಹಾನಿಯು ಹೆಚ್ಚು. ಇನ್ಸುಲಿನ್ ಮತ್ತು ಮಧುಮೇಹದ ಕೆಲವು ಔಷಧಗಳು ನಿರಾಹಾರದಲ್ಲಿ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲವು. ಹಾಗೆಂದು ಔಷಧವನ್ನು ತಾವಾಗಿಯೇ ಬಿಡುವುದೂ ಸಲ್ಲದು. ಉಪವಾಸದ ತಲೆನೋವಿಗೆಂದು ಪಾರಣೆಯ ನಂತರ ನೋವುನಿವಾರಕಗಳನ್ನು ನುಂಗುವುದೂ ಮೂತ್ರಪಿಂಡಕ್ಕೆ ಕೇಡು.

ತಪಕ್ಕೆ ಆರು ಮುಖ

ಅನಶನಕ್ಕೆ ಶಕ್ತಿಯಿಲ್ಲದವನು ತಪಕ್ಕೆ ಹೊರಗಾದನೆಂದು ದುಃಖಿಸಬೇಕಾಗಿಲ್ಲ. ಬಾಹ್ಯ ತಪಗಳು ಆರು. ಅನಶನವು ಅವುಗಳಲ್ಲಿ ಒಂದು ಮಾತ್ರ. ಹೊಟ್ಟೆ ತುಂಬುವ ಮುನ್ನ ಏಳುವುದು ಅವಮೌದರ್ಯ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ ಸಕ್ಕರೆ, ಉಪ್ಪು ಎಂಬ ಷಡ್ರಸಗಳಲ್ಲಿ ಕೆಲವನ್ನು ತ್ಯಜಿಸುವುದು ರಸಪರಿತ್ಯಾಗ. ಮಧುಮೇಹಿಯು ಸಿಹಿಯನ್ನು, ರಕ್ತದೊತ್ತಡವುಳ್ಳವನು ವೈದ್ಯರ ಸಲಹೆಯಂತೆ ಉಪ್ಪನ್ನು ನಿಯಮಪೂರ್ವಕ ಬಿಟ್ಟರೆ ಜಿಹ್ವೇಂದ್ರಿಯದ ಜಯವೂ ಆಯಿತು, ದೇಹರಕ್ಷಣೆಯೂ ಆಯಿತು. ನಾಲ್ಕು ದಿನ ನಿರಾಹಾರವಿದ್ದು ಪಾರಣೆಯ ದಿನ ಹೋಳಿಗೆ ಪಾಯಸಗಳನ್ನು ಮಿತಿಮೀರಿ ಉಣ್ಣುವುದಕ್ಕಿಂತ ಇದು ಕಠಿಣವಾದ ತಪವೇ ಸರಿ.

ಸಮಂತಭದ್ರಾಚಾರ್ಯರ ಚರಿತೆಯು ಇಲ್ಲಿ ಸ್ಮರಣೀಯ. ಭಸ್ಮಕ ವ್ಯಾಧಿಯಿಂದ ಪೀಡಿತರಾಗಿ ಅವರು ಸಲ್ಲೇಖನವನ್ನು ಬೇಡಿದಾಗ ಗುರುಗಳು ಅನುಮತಿ ನೀಡಲಿಲ್ಲ; ಮುನಿವೇಷವನ್ನು ಬಿಟ್ಟಾದರೂ ರೋಗವನ್ನು ಕಳೆದುಕೊಂಡು ಮರಳಿ ದೀಕ್ಷೆ ಪಡೆಯಬೇಕೆಂದು ಆಜ್ಞಾಪಿಸಿದರೆಂದು ಪರಂಪರೆಯು ಹೇಳುತ್ತದೆ. ಮಹಾಮುನಿಗಳಿಗೇ ವಿಧಿಸಿದ ವಿವೇಕವು ಗೃಹಸ್ಥರಿಗೆ ಬೇಡವೇ?

ದಶಲಕ್ಷಣ ಪರ್ವಕ್ಕೆ ಒಂದು ತಿಂಗಳು ಮೊದಲು, ಮನೆಯಲ್ಲಿ ನಲವತ್ತು ವರ್ಷ ದಾಟಿದವರೂ, ವಂಶದಲ್ಲಿ ಮಧುಮೇಹವಿರುವವರೂ ರಕ್ತದೊತ್ತಡ, ರಕ್ತದ ಸಕ್ಕರೆ, ಕ್ರಿಯಾಟಿನಿನ್ ಹಾಗೂ ಮೂತ್ರದ ಆಲ್ಬುಮಿನ್ ಇವುಗಳನ್ನು ಪರೀಕ್ಷಿಸಿಕೊಳ್ಳುವುದು ಯುಕ್ತ. ಆ ವರದಿಯನ್ನು ವೈದ್ಯರಿಗೆ ತೋರಿಸಿ, ನಂತರ ಗುರುಸನ್ನಿಧಿಯಲ್ಲಿ ವ್ರತವನ್ನು ಸ್ವೀಕರಿಸಬೇಕು. ಮನೆಯ ಹಿರಿಯರು ನಿರ್ಜಲ ಉಪವಾಸವನ್ನು ಬಿಟ್ಟು ಏಕಾಶನವನ್ನೋ ರಸಪರಿತ್ಯಾಗವನ್ನೋ ಆರಿಸಿಕೊಂಡರೆ ಕಿರಿಯರು ಅದನ್ನು ಕೀಳಾಗಿ ಕಾಣದೆ, ಅವರ ಸ್ವಾಧ್ಯಾಯ ಸಾಮಾಯಿಕಗಳಿಗೆ ಅನುಕೂಲ ಮಾಡಿಕೊಡುವುದು ಶ್ರಾವಕಧರ್ಮ.