ಗಿಳಿಮರಿಯ ಆಹಾರ ಮತ್ತು ಆರೈಕೆ

ಫಾಲ್ಗುಣ ಕಳೆದು ಚೈತ್ರ ಕಾಲಿಡುವ ಹೊತ್ತಿಗೆ ದೆಹಲಿಯ ಹಳೆಯ ಬೇವು, ನೇರಳೆ, ಅರ್ಜುನ ಮರಗಳ ಪೊಟರೆಗಳಲ್ಲಿಯೂ, ಲೋದಿ ಉದ್ಯಾನದಂತಹ ಸ್ಥಳಗಳಲ್ಲಿರುವ ಪ್ರಾಚೀನ ಕಟ್ಟಡಗಳ ಗೋಡೆಯ ರಂಧ್ರಗಳಲ್ಲಿಯೂ ಗಿಳಿಮರಿಗಳ ಸದ್ದು ಕೇಳತೊಡಗುತ್ತದೆ. ಅದೇ ದಿನಗಳಲ್ಲಿ ಎರಡು ಬಗೆಯ ಗಿಳಿಮರಿಗಳು ನಗರದ ಮನೆಗಳನ್ನು ಸೇರುತ್ತವೆ. ಗೂಡಿನಿಂದ ಬಿದ್ದು ಮಕ್ಕಳ ಕೈಗೆ ಸಿಕ್ಕಿದವು ಕೆಲವು. ಗೂಡಿನಿಂದ ಕದ್ದು, ಚೀಲದಲ್ಲಿ ಅಡಗಿಸಿ ತಂದು ಗುಟ್ಟಾಗಿ ಮಾರುವವರಿಂದ ಕೊಂಡವು ಕೆಲವು. ಎರಡಕ್ಕೂ ಮನೆಯವರು ಸಾಮಾನ್ಯವಾಗಿ ಮಾಡುವ ಮೊದಲ ಉಪಚಾರ ಒಂದೇ: ಹಾಲಿನಲ್ಲಿ ನೆನೆಸಿದ ಬ್ರೆಡ್ಡಿನ ಚೂರು, ಕೊಕ್ಕಿನೊಳಗೆ ನಾಲ್ಕು ಹನಿ ನೀರು. ಮಮತೆಯಿಂದ ಮಾಡಿದ ಈ ಉಪಚಾರವೇ ಅನೇಕ ಮರಿಗಳ ಪ್ರಾಣಕ್ಕೆ ಮುಳುವಾಗುತ್ತದೆ.

ಆಹಾರದ ವಿಷಯಕ್ಕೆ ಬರುವ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ಹಸಿರು ಗಿಳಿ, ಅಂದರೆ ಗಂಡಿನ ಕೊರಳಲ್ಲಿ ಕಪ್ಪು ಮತ್ತು ಗುಲಾಬಿ ಬಣ್ಣದ ಉಂಗುರವಿರುವ ಹಕ್ಕಿಯನ್ನು, ಮನೆಯಲ್ಲಿ ಸಾಕುವುದು ಕಾನೂನಿಗೆ ವಿರುದ್ಧ. ಭುಜದ ಮೇಲೆ ಕೆಂಪು ಮಚ್ಚೆಯುಳ್ಳ, ಗಾತ್ರದಲ್ಲಿ ದೊಡ್ಡದಾದ, ದೆಹಲಿಯಲ್ಲಿ ‘ಪಹಾಡಿ ತೋತಾ’ ಎಂದು ಕರೆಯಲ್ಪಡುವ ಗಿಳಿಯೂ ಹಾಗೆಯೇ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೇರೆಗೆ ದೇಶೀಯ ಗಿಳಿಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಅಪರಾಧ. 2015ರ ಮೇ ತಿಂಗಳಿನಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಹಕ್ಕಿ ವ್ಯಾಪಾರದ ಮೊಕದ್ದಮೆಯೊಂದರಲ್ಲಿ, ಆಕಾಶದಲ್ಲಿ ಹಾರಾಡುವುದು ಹಕ್ಕಿಗಳ ಮೂಲಭೂತ ಹಕ್ಕು ಎಂಬ ಅಭಿಪ್ರಾಯವನ್ನೂ ವ್ಯಕ್ತಪಡಿಸಿತು. ಹಳೆಯ ತಲೆಮಾರಿನ ಮನೆಗಳ ಜಗುಲಿಯಲ್ಲಿ ಗಿಳಿಯ ಪಂಜರ ತೂಗಾಡುತ್ತಿದ್ದುದು ನಿಜ. ಆ ಕಾಲ ಮುಗಿಯಿತೆಂದೇ ತಿಳಿಯಬೇಕು. ಆಸ್ಟ್ರೇಲಿಯ ಮೂಲದ ಬಡ್ಜೆರಿಗರ್ ಎಂಬ ಪುಟ್ಟ ಗಿಳಿಗೆ ಈ ನಿಷೇಧವಿಲ್ಲ. ಆದುದರಿಂದ ಮರದಿಂದ ಬಿದ್ದ ನಮ್ಮ ಗಿಳಿಮರಿಗೆ ತಾತ್ಕಾಲಿಕ ಶುಶ್ರೂಷೆ, ಸಾಕಲು ತಂದ ಬಡ್ಜೆರಿಗರ್ ಮರಿಗೆ ಶಾಶ್ವತ ಪಾಲನೆ — ಈ ಲೇಖನದ ವಿಷಯ ಇವೆರಡೂ.

ಬಿದ್ದ ಮರಿ

ಮರಿಗೆ ಗಾಯವಿಲ್ಲದಿದ್ದರೆ, ಪೊಟರೆ ಕೈಗೆಟಕುವಂತಿದ್ದರೆ, ಅದನ್ನು ಮರಳಿ ಗೂಡಿನಲ್ಲಿಡುವುದೇ ಸರ್ವೋತ್ತಮ ಚಿಕಿತ್ಸೆ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲವೆಂಬುದು ಕೇವಲ ತಪ್ಪು ನಂಬಿಕೆ. ಗರಿಗಳೆಲ್ಲ ಮೂಡಿ ಹಾರಲು ಕಲಿಯುತ್ತಿರುವ ಮರಿಯಾದರೆ, ನಾಯಿ ಬೆಕ್ಕುಗಳಿಗೆ ಸಿಗದಂತೆ ಎತ್ತರದ ಕೊಂಬೆಯ ಮೇಲೆ ಕೂರಿಸಿ ದೂರದಿಂದ ಗಮನಿಸಿದರೆ ಸಾಕು. ತಾಯಿತಂದೆಗಳು ಬಂದು ಉಣಿಸುತ್ತವೆ. ಬೆಕ್ಕು ಕಚ್ಚಿದ ಮರಿಯ ವಿಷಯ ಮಾತ್ರ ಬೇರೆ. ಗಾಯ ಸೂಜಿಮೊನೆಯಷ್ಟಿದ್ದರೂ ಬೆಕ್ಕಿನ ಬಾಯಿಯ ರೋಗಾಣುಗಳು ರಕ್ತವನ್ನು ಸೇರುವುದರಿಂದ ಅದಕ್ಕೆ ಅಂದೇ ವೈದ್ಯರಿಂದ ಔಷಧ ದೊರೆಯಬೇಕು.

ಅಂತಹ ಮರಿಗಳಿಗಾಗಿ ದೆಹಲಿಯಲ್ಲಿ ಒಂದು ಅಪೂರ್ವ ಸೌಕರ್ಯವುಂಟು. ಚಾಂದನಿ ಚೌಕದಲ್ಲಿ, ಕೆಂಪುಕೋಟೆಯ ಎದುರಿಗಿರುವ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿರುವ ಹಕ್ಕಿಗಳ ಧರ್ಮಾಸ್ಪತ್ರೆಯು ಹಲವು ದಶಕಗಳಿಂದ ನಡೆದುಬಂದಿದೆ. ಗುಣವಾದ ಹಕ್ಕಿಗಳನ್ನು ಅಲ್ಲಿ ಒಡೆಯರಿಗೆ ಹಿಂದಿರುಗಿಸುವ ಪದ್ಧತಿಯಿಲ್ಲ, ಹಾರಿಬಿಡುತ್ತಾರೆ. ವೈಲ್ಡ್‌ಲೈಫ್ ಎಸ್‌ಓಎಸ್ ಸಂಸ್ಥೆಯೂ ರಾಜಧಾನಿ ವಲಯದಲ್ಲಿ ಪ್ರಾಣಿಪಕ್ಷಿಗಳ ರಕ್ಷಣಾ ಕಾರ್ಯವನ್ನು ಮಾಡುತ್ತದೆ. ನೋಯ್ಡಾದವರು ಉತ್ತರ ಪ್ರದೇಶದ, ಗುರುಗ್ರಾಮದವರು ಹರಿಯಾಣದ ಅರಣ್ಯ ಇಲಾಖೆಗೆ ತಿಳಿಸಬೇಕೆಂಬುದನ್ನು ನೆನಪಿಡಬೇಕು.

ಮೊದಲು ಶಾಖ, ಅನಂತರ ಆಹಾರ

ಮರಿಯನ್ನು ಒಪ್ಪಿಸುವವರೆಗೆ ಒಂದು ರಾತ್ರಿಯಾದರೂ ನಮ್ಮ ಬಳಿ ಇರಬೇಕಾಗಬಹುದು. ಆಗ ಮುಖ್ಯವಾಗಿ ತಿಳಿದಿರಬೇಕಾದುದು ಇಷ್ಟು: ತಣ್ಣಗಾದ ಮರಿಗೆ ಆಹಾರ ಕೊಡಬಾರದು. ಗಿಳಿಮರಿ ಹುಟ್ಟುವಾಗ ಬೆತ್ತಲೆ, ಕುರುಡು. ತನ್ನ ಮೈಯ ಉಷ್ಣವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. ತಾಯಿಯ ಒಡಲಿನ ಬಿಸುಪೇ ಆಧಾರ. ನುಂಗಿದ ಆಹಾರವು ಮೊದಲು ಕತ್ತಿನ ಬುಡದಲ್ಲಿರುವ ಚೀಲವೊಂದರಲ್ಲಿ ನಿಲ್ಲುತ್ತದೆ. ಹಕ್ಕಿಗಳ ಮೇವಿನ ಚೀಲವಿದು. ಮೈ ತಣ್ಣಗಾದರೆ ಚೀಲದ ಚಲನೆ ನಿಂತು, ಆಹಾರ ಅಲ್ಲಿಯೇ ಹುಳಿತು ವಿಷವಾಗುತ್ತದೆ. ಹಸಿವಿನಿಂದ ಸತ್ತಿತೆಂದು ನಾವು ಮರುಗುವ ಮರಿ ಎಷ್ಟೋ ಸಲ ಹೊಟ್ಟೆ ತುಂಬಿಯೇ ಸತ್ತಿರುತ್ತದೆ.

ಗರಿಯಿಲ್ಲದ ಮರಿಗೆ ಸುತ್ತಲಿನ ಶಾಖ 33ರಿಂದ 35 ಡಿಗ್ರಿ ಸೆಲ್ಸಿಯಸ್ ಬೇಕು. ಗರಿಮೊಳಕೆಗಳು ಕಾಣಿಸಿಕೊಂಡ ಮೇಲೆ 29–30 ಡಿಗ್ರಿ. ಮೈತುಂಬ ಗರಿ ಮೂಡಿದ ಮೇಲೆ 25 ಡಿಗ್ರಿ ಸಾಕು. ರಟ್ಟಿನ ಪೆಟ್ಟಿಗೆಯೊಂದರಲ್ಲಿ ಮೆತ್ತನೆಯ ಬಟ್ಟೆ ಹಾಸಿ, ಬಿಸಿನೀರು ತುಂಬಿದ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಒಂದು ಬದಿಗೆ ಮಾತ್ರ ಇಡಬೇಕು. ಶಾಖ ಹೆಚ್ಚಾದರೆ ಮರಿ ಇನ್ನೊಂದು ಬದಿಗೆ ಸರಿಯಲು ಎಡೆಯಿರಬೇಕು. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆಯೆಂದೂ, ಮುದುಡಿ ನಡುಗುತ್ತಿದ್ದರೆ ಚಳಿಯೆಂದೂ ತಿಳಿಯಬೇಕು. ಮೇ ತಿಂಗಳಿನ ದೆಹಲಿಯಲ್ಲಿ ಬಾಟಲಿಯ ಅಗತ್ಯವೇ ಬೀಳದಿರಬಹುದು. ಆದರೆ ಕೂಲರಿನ ಗಾಳಿ ನೇರವಾಗಿ ಬೀಸುವ ಕಡೆ ಪೆಟ್ಟಿಗೆಯನ್ನು ಇಟ್ಟರೆ ಆ ಬಿರುಬೇಸಿಗೆಯಲ್ಲಿಯೂ ಮರಿ ಚಳಿಗೆ ಸಿಕ್ಕೀತು.

ಮೈ ಬೆಚ್ಚಗಾದ ಮೇಲೆ ಊಟ. ಹಾಲು ಕೂಡದು. ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವವು ಹಕ್ಕಿಗಳಲ್ಲಿಲ್ಲ. ಹಾಲು ಅವುಗಳ ಸೃಷ್ಟಿಕ್ರಮದಲ್ಲೇ ಇಲ್ಲದ ಪದಾರ್ಥ. ಗಿಳಿಮರಿಗಳಿಗೆಂದೇ ಸಿದ್ಧಪಡಿಸಿದ ಪುಡಿ ಔಷಧಾಲಯಗಳಲ್ಲಲ್ಲದಿದ್ದರೂ ಸಾಕುಪ್ರಾಣಿಗಳ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ದೊರೆಯುತ್ತದೆ. ಅದು ಸಿಗದ ರಾತ್ರಿ, ಮೆತ್ತಗೆ ಬೆಂದ ಹೆಸರುಬೇಳೆಯನ್ನೂ ಕುಂಬಳ ಅಥವಾ ಗಜ್ಜರಿಯನ್ನೂ ಉಪ್ಪು, ಒಗ್ಗರಣೆಗಳಿಲ್ಲದೆ ಅರೆದು, ಸೋಸಿ, ತೆಳುವಾದ ಗಂಜಿಯ ಹದಕ್ಕೆ ತಂದು ಕೊಡಬಹುದು. ಇದು ಒಂದೆರಡು ಹೊತ್ತಿನ ಮಾತು. ಇದರಿಂದಲೇ ಮರಿ ಬೆಳೆಯಲಾರದು.

ಗಂಜಿಯ ಬಿಸಿ 38ರಿಂದ 40 ಡಿಗ್ರಿಯೊಳಗಿರಬೇಕು. ಅದಕ್ಕಿಂತ ತಣ್ಣಗಾದರೆ ಚೀಲ ಕೆಲಸ ಮಾಡದು. ಬಹಳ ಬಿಸಿಯಾದರೆ ಚೀಲ ಸುಟ್ಟು ತೂತು ಬೀಳುವುದುಂಟು. ಬೆರಳಿನ ಅಂದಾಜು ನಂಬತಕ್ಕದ್ದಲ್ಲ, ಅಡುಗೆಯ ತಾಪಮಾಪಕವಿದ್ದರೆ ಒಳ್ಳೆಯದು. ಸೂಜಿ ತೆಗೆದ ಸಿರಿಂಜನ್ನು ಮರಿಯ ಕೊಕ್ಕಿನ ಎಡಬದಿಯಿಂದ ಬಲಕ್ಕೆ ಓರೆಯಾಗಿ ಹಿಡಿಯಬೇಕು. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲಿಯೇ ಇರುವುದರಿಂದ ಈ ಎಚ್ಚರ. ಹಸಿದ ಮರಿ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತ ತಾನಾಗಿಯೇ ನುಂಗುತ್ತದೆ. ನುಂಗದ ಮರಿಗೆ ಬಲವಂತ ಮಾಡುವುದಾಗಲಿ, ಬಾಯಿಗೆ ನೀರು ಹನಿಸುವುದಾಗಲಿ ಅದರ ಶ್ವಾಸಕೋಶಕ್ಕೆ ದ್ರವವನ್ನು ತುಂಬಿದಂತೆ. ಒಂದು ಸಲಕ್ಕೆ ಮರಿಯ ತೂಕದ ಹತ್ತರಲ್ಲೊಂದು ಭಾಗ, ಎಂದರೆ 50 ಗ್ರಾಂ ತೂಗುವ ಮರಿಗೆ ಸುಮಾರು 5 ಮಿಲಿಲೀಟರ್, ಸಾಕು. ಮೊದಲ ವಾರದ ಮರಿಗೆ ಎರಡೆರಡು ಗಂಟೆಗೊಮ್ಮೆ, ಮೂರು ವಾರದ್ದಕ್ಕೆ ನಾಲ್ಕು ಗಂಟೆಗೊಮ್ಮೆ, ಐದು ವಾರದ್ದಕ್ಕೆ ದಿನಕ್ಕೆ ಮೂರು ಹೊತ್ತು. ಗಡಿಯಾರಕ್ಕಿಂತ ಚೀಲವನ್ನು ನೋಡುವುದು ಮೇಲು: ಅದು ಬಹುಮಟ್ಟಿಗೆ ಬರಿದಾದ ಮೇಲೆಯೇ ಮುಂದಿನ ಊಟ. ಬೆಳಗಿನ ಜಾವವೂ ಚೀಲ ತುಂಬಿಯೇ ಇದ್ದರೆ ಅದು ರೋಗದ ಲಕ್ಷಣ. ಉಳಿದ ಗಂಜಿಯನ್ನು ಮತ್ತೊಂದು ಹೊತ್ತಿಗೆ ಇಡಬಾರದು.

ಬಡ್ಜೆರಿಗರ್ ಮರಿ

ಜಾನ್ ಗೋಲ್ಡ್ ಎಂಬ ಪಕ್ಷಿಶಾಸ್ತ್ರಜ್ಞನು 1840ರಲ್ಲಿ ಆಸ್ಟ್ರೇಲಿಯದಿಂದ ಇಂಗ್ಲೆಂಡಿಗೆ ಜೀವಂತ ಕೊಂಡೊಯ್ದ ಈ ಹಕ್ಕಿ ಇಂದು ಲೋಕವನ್ನೆಲ್ಲ ವ್ಯಾಪಿಸಿದೆ. ನಮ್ಮ ಅಂಗಡಿಯವರು ಇದನ್ನು ‘ಲವ್ ಬರ್ಡ್ಸ್’ ಎಂದು ತಪ್ಪಾಗಿ ಕರೆಯುತ್ತಾರೆ. ಆ ಹೆಸರಿನ ಹಕ್ಕಿ ಬೇರೆ, ಅದು ಆಫ್ರಿಕದ್ದು. ಸುಮಾರು ಐದು ವಾರಕ್ಕೆ ಗೂಡು ಬಿಡುವ ಬಡ್ಜೆರಿಗರ್ ಮರಿಯನ್ನು, ಅದು ತಾನಾಗಿ ಕಾಳು ಬಿಡಿಸಿ ತಿನ್ನುವುದನ್ನು ಕಣ್ಣಾರೆ ಕಂಡ ಮೇಲೆಯೇ ಕೊಳ್ಳಬೇಕು. ಹಣೆಯ ಮೇಲಿನ ಅಡ್ಡಗೆರೆಗಳು ಮೂಗಿನವರೆಗೂ ಇದ್ದು ಕಣ್ಣು ಪೂರ್ಣ ಕಪ್ಪಾಗಿದ್ದರೆ ಅದು ಮೂರು ನಾಲ್ಕು ತಿಂಗಳೊಳಗಿನ ಮರಿ. ಬಿಳಿ, ಹಳದಿ ತಳಿಗಳಲ್ಲಿ ಈ ಗುರುತು ನಡೆಯದು.

ಇದರ ಮುಖ್ಯ ಧಾನ್ಯವನ್ನು ದೆಹಲಿಯ ಅಂಗಡಿಗಳಲ್ಲಿ ‘ಕಂಗನಿ’ ಎನ್ನುತ್ತಾರೆ. ಹೆಸರು ಕೇಳಿ ಅಪರಿಚಿತವೆನಿಸಬಹುದು. ಅದು ನಮ್ಮ ನವಣೆಯೇ. ಹೊಸದಾಗಿ ಬಂದ ಮರಿಗೆ ನವಣೆಯ ತೆನೆಯನ್ನೇ ಪಂಜರಕ್ಕೆ ಕಟ್ಟಿದರೆ ಬೇಗ ಹೊಂದಿಕೊಳ್ಳುತ್ತದೆ. ಮೊದಲ ಕೆಲವು ದಿನ ಕಾಳನ್ನು ಬಟ್ಟಲಿನಲ್ಲಿಯೂ ಪಂಜರದ ನೆಲದ ಮೇಲೂ ಇಡಬೇಕು. ಬಟ್ಟಲು ಎಂದರೇನೆಂದು ಮರಿಗೆ ತಿಳಿದಿರುವುದಿಲ್ಲ. ಇನ್ನೊಂದು ಸೂಕ್ಷ್ಮ ವಿಚಾರವುಂಟು. ಹಕ್ಕಿ ಕಾಳಿನ ಸಿಪ್ಪೆಯನ್ನು ಬಟ್ಟಲಿಗೇ ಉದುರಿಸುವುದರಿಂದ ಬಟ್ಟಲು ತುಂಬಿದಂತೆಯೇ ಕಾಣುತ್ತದೆ. ‘ನಿನ್ನೆ ಹಾಕಿದ ಕಾಳು ಹಾಗೆಯೇ ಇದೆ’ ಎಂದು ನಂಬಿದ ಮನೆಯಲ್ಲಿ ಹಕ್ಕಿ ಉಪವಾಸ ಬೀಳುತ್ತದೆ. ಪ್ರತಿದಿನ ಬೆಳಿಗ್ಗೆ ಸಿಪ್ಪೆಯನ್ನು ಊದಿ ತೆಗೆಯಬೇಕು.

ಕಾಳೊಂದನ್ನೇ ತಿಂದು ಬೆಳೆದ ಗಿಳಿಗೆ ಎ ಜೀವಸತ್ವದ ಹಾಗೂ ಸುಣ್ಣದ ಅಂಶದ ಕೊರತೆ ತಪ್ಪಿದ್ದಲ್ಲ. ಗಜ್ಜರಿ, ಪಾಲಕ್, ಮೆಂತ್ಯ, ಕೊತ್ತಂಬರಿ, ನುಗ್ಗೆಸೊಪ್ಪು, ಮೊಳಕೆ ಬಂದ ಹೆಸರುಕಾಳು ಇವುಗಳನ್ನು ಚೆನ್ನಾಗಿ ತೊಳೆದು ಪ್ರತಿದಿನ ಸ್ವಲ್ಪ ಸ್ವಲ್ಪ ಕೊಡಬೇಕು. ಮರಿ ಒಂದೆರಡು ವಾರ ಅವನ್ನು ಮೂಸಿಯೂ ನೋಡದಿದ್ದರೆ ಬೇಸರಪಡಬೇಕಾದುದಿಲ್ಲ. ಸುಣ್ಣಕ್ಕಾಗಿ ಸಮುದ್ರಫೇನ, ಅಂದರೆ ಗ್ರಂಥಿಗೆ ಅಂಗಡಿಯವರ ‘ಸಮುಂದರ್ ಝಾಗ್’, ಪಂಜರದಲ್ಲಿ ಸಿಕ್ಕಿಸಿದರೆ ಹಕ್ಕಿ ಕೊಕ್ಕು ಮಸೆಯುತ್ತ ತಿನ್ನುತ್ತದೆ. ಬೆಣ್ಣೆಹಣ್ಣು, ಚಾಕೊಲೇಟು, ಕಾಫಿ, ಚಹಾ, ಈರುಳ್ಳಿ, ಉಪ್ಪಿನ ತಿಂಡಿಗಳು, ಸೇಬಿನ ಬೀಜ ಇವು ವರ್ಜ್ಯ. ಹಸಿಮೆಣಸಿನಕಾಯಿಯ ಬಗ್ಗೆ ಹಲವರಿಗೆ ಕುತೂಹಲ. ಮೆಣಸಿನ ಉರಿ ಹಕ್ಕಿಗಳ ನರಗಳಿಗೆ ತಿಳಿಯುವುದೇ ಇಲ್ಲ. ಆದುದರಿಂದ ಬಾಧೆಯಿಲ್ಲ, ಆದರೆ ಅದು ಊಟವೂ ಅಲ್ಲ.

ಮನೆಯೊಳಗಿನ ಅಪಾಯಗಳು

ಹಕ್ಕಿಯ ಉಸಿರಾಟದ ಅಂಗಗಳು ಗಾಳಿಯಿಂದ ಪ್ರಾಣವಾಯುವನ್ನು ಹೀರುವುದರಲ್ಲಿ ನಮ್ಮವಕ್ಕಿಂತ ಸಮರ್ಥ. ವಿಷವನ್ನು ಹೀರುವುದರಲ್ಲಿಯೂ ಅಷ್ಟೇ. ಅಂಟದ ಲೇಪವಿರುವ ಕಾವಲಿ ಒಲೆಯ ಮೇಲೆ ಬರಿದಾಗಿ ಕಾದರೆ ಹೊರಡುವ ಹೊಗೆ ನಿಮಿಷಗಳಲ್ಲಿ ಗಿಳಿಯನ್ನು ಕೊಲ್ಲಬಲ್ಲುದು. ದೋಸೆ ಹುಯ್ಯುವ ಮನೆಗಳಲ್ಲಿ ಪಂಜರ ಅಡುಗೆಮನೆಯಿಂದ ದೂರವಿರಲೇಬೇಕು. ಸೊಳ್ಳೆಬತ್ತಿ, ಊದುಬತ್ತಿ, ದೀಪಾವಳಿಯ ಪಟಾಕಿಯ ಹೊಗೆಗಳೂ ಹಾನಿಕರ. ನವೆಂಬರಿನ ಹೊಗೆಮಂಜಿನಲ್ಲಿ ಪಂಜರವನ್ನು ಬಾಲ್ಕನಿಯಿಂದ ಒಳಗೆ ತರಬೇಕು. ಗಾಜಿನ ಮೂಲಕ ಬರುವ ಬಿಸಿಲಿನಿಂದ ಡಿ ಜೀವಸತ್ವ ಉತ್ಪತ್ತಿಯಾಗದು. ಗಾಳಿ ತಿಳಿಯಾಗಿರುವ ದಿನ ಹದಿನೈದು ನಿಮಿಷ ಎಳೆಬಿಸಿಲು, ಪಂಜರದ ಅರ್ಧಕ್ಕೆ ನೆರಳು.

ಇನ್ನು ಮನೆಯವರ ಆರೋಗ್ಯ. ಗಿಳಿಗಳ ಒಣಗಿದ ಹಿಕ್ಕೆಯ ಧೂಳಿನಿಂದ ಸಿಟ್ಟಕೋಸಿಸ್ ಎಂಬ ಜ್ವರ ಮನುಷ್ಯರಿಗೆ ತಗಲಬಹುದು. 1929–30ರಲ್ಲಿ ಇದು ಯೂರೋಪು, ಅಮೆರಿಕಗಳಲ್ಲಿ ಹರಡಿ ಭಯ ಹುಟ್ಟಿಸಿತ್ತು. ಜ್ವರ, ತೀವ್ರ ತಲೆನೋವು, ಒಣಕೆಮ್ಮು, ಕೆಲವೊಮ್ಮೆ ನ್ಯುಮೋನಿಯ ಇದರ ಲಕ್ಷಣಗಳು. ಸೂಕ್ತ ಜೀವಿರೋಧಕದಿಂದ ಗುಣವಾಗುವ ರೋಗವಿದು; ಆದರೆ ಮನೆಯಲ್ಲಿ ಹಕ್ಕಿಯಿದೆಯೆಂದು ರೋಗಿ ಹೇಳದಿದ್ದರೆ ವೈದ್ಯರಿಗೆ ಹೊಳೆಯದೆ ಹೋಗಬಹುದು. ಪಂಜರದ ಕಾಗದವನ್ನು ನೀರು ಚಿಮುಕಿಸಿ ಒದ್ದೆ ಮಾಡಿದ ಮೇಲೆಯೇ ತೆಗೆಯಬೇಕು, ಒಣಗಿದಂತೆಯೇ ಕೊಡವಬಾರದು. ಉಬ್ಬಸವುಳ್ಳವರು ಇರುವ ಮನೆಯಲ್ಲಿ ಹಕ್ಕಿ ಸಾಕದಿರುವುದೇ ಲೇಸು.

ಬೇಸಿಗೆಯ ರಜೆಯಲ್ಲಿ ಊರಿಗೆ ಹೊರಡುವವರು ಹಕ್ಕಿಯನ್ನು ಎರಡು ರಾತ್ರಿಗಳ ರೈಲು ಪ್ರಯಾಣಕ್ಕೆ ಗುರಿಮಾಡದೆ ನೆರೆಯವರಿಗೆ ಒಪ್ಪಿಸುವುದು ಒಳ್ಳೆಯದು. ಗಿಣಿ ಸಾಕಿ ಗಿಡುಗನಿಗೆ ಕೊಟ್ಟಂತಾಗದಿರಲು, ಅವರ ಮನೆಯಲ್ಲಿ ಬೆಕ್ಕಿದೆಯೇ ಎಂದು ಮೊದಲು ವಿಚಾರಿಸಬೇಕು. ನೀರಿನ ಬಟ್ಟಲು ಎರಡಿರಲಿ. ಸಿಪ್ಪೆ ಊದುವ ಕ್ರಮವನ್ನು ಬಾಯಲ್ಲಿ ಹೇಳಿದರೆ ಸಾಲದು, ಒಮ್ಮೆ ಮಾಡಿ ತೋರಿಸಬೇಕು. ಹಕ್ಕಿ ಗರಿ ಉಬ್ಬಿಸಿಕೊಂಡು ಪಂಜರದ ನೆಲದ ಮೇಲೆ ಕುಳಿತರೆ ಅಥವಾ ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ ನಾಳೆಗೆ ಕಾಯದೆ ಅಂದೇ ಪಶುವೈದ್ಯರಲ್ಲಿಗೆ ಒಯ್ಯಬೇಕೆಂಬುದನ್ನೂ ವೈದ್ಯರ ವಿಳಾಸವನ್ನೂ ಚೀಟಿಯಲ್ಲಿ ಬರೆದು ಪಂಜರಕ್ಕೇ ಕಟ್ಟಿ ಹೋಗತಕ್ಕದ್ದು.